ಮೋಟುಗೋಡೆಯ ಮೇಲಿನ ಕರದಂಟು

ಎರಡನೇ ಶನಿವಾರದ ರಜೆ, ಹೆಂಡತಿ ಮನೆಯಲ್ಲಿಲ್ಲ, ಪಕ್ಕದ ಮನೆಗೆ ಬೀಗ. ಇವೆಲ್ಲ ಒಟ್ಟಿಗೆ ಕೂಡಿ ಬಂದದ್ದೇ ಚಲಪತಿಯ ಗ್ರಹಚಾರ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತನಾದ ಅವನಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ರಾಧಮ್ಮ ಬೆಲ್ಲದ ಡಬ್ಬವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಸಾಲದ್ದಕ್ಕೆ “ನಮ್ಮೆಜಮಾನ್ರು ಸಿಹಿ ಅಂದ್ರೆ ಮುಖ ತಿರುಗಿಸ್ತಾರೆ” ಎಂದು ಬೀದಿಗೆಲ್ಲ ಸಾರಿ, ಯಾರ ಮನೆಯಲ್ಲೂ ಅವನ ಕೈಗೆ ಒಂದು ಚೂರು ಸಿಗದ ಹಾಗೆ ಮಾಡಿದ್ದಳು.

ಪೋಸ್ಟ್‌ಮ್ಯಾನ್ ಕೆಂಪರಾಜು ಪಕ್ಕದ ಮನೆಯ ಆದಿಲಕ್ಷ್ಮಮ್ಮನನ್ನು ಕೂಗಿದ. ಬೀಗ ನೋಡಿ, ಎಂದಿನಂತೆ ಎರಡೂ ಮನೆಗಳ ನಡುವಿನ ಮೋಟುಗೋಡೆಯ ಮೇಲೆ ಪಾರ್ಸೆಲ್ ಇಟ್ಟು ಹೋದ. ಬಿಸಿಲಿಗೆ ಹಾಳಾದೀತೆಂದು ಚಲಪತಿ ಅದನ್ನು ಒಳಗೆ ತಂದ. ಅಲ್ಲಿಯವರೆಗೆ ಅವನ ಮನಸ್ಸು ಶುದ್ಧವಾಗಿಯೇ ಇತ್ತು. ಆದರೆ ರಟ್ಟಿನ ಡಬ್ಬದ ಮೂಲೆ ದಾರಿಯಲ್ಲೆಲ್ಲೋ ಹರಿದಿತ್ತು. ಆ ಕಿಂಡಿಯಿಂದ ತುಪ್ಪ, ಅಂಟು, ಗೋಡಂಬಿಯ ವಾಸನೆ ಬಂದು ಹಳೇ ಗೆಳೆಯನ ಹಾಗೆ ಅವನ ಹೆಗಲ ಮೇಲೆ ಕೈ ಹಾಕಿತು. ಗೋಕಾಕದಲ್ಲಿ ಕೆಲಸದಲ್ಲಿರುವ ಆದಿಲಕ್ಷ್ಮಮ್ಮನ ತಮ್ಮ ಕಳಿಸಿದ ಕರದಂಟು.

ಉದುರಿದ ಚೂರನ್ನು ಬಾಯಿಗೆ ಹಾಕಿಕೊಂಡ. ಮೂಲೆ ಸೊಟ್ಟಗೆ ಕಂಡಿತು. ಸಮ ಮಾಡಲು ಪಕ್ಕದ ತುಂಡನ್ನೂ ತಿಂದ. ಸಾಲು ಖಾಲಿಯಾದಾಗ, ಅರ್ಧ ಡಬ್ಬ ಕೊಟ್ಟರೆ ಅನುಮಾನ ಬರುತ್ತದೆ, ಡಬ್ಬವೇ ಇಲ್ಲದಿದ್ದರೆ ಬರುವುದಿಲ್ಲ ಎಂದು ಹೊಳೆಯಿತು. ಖಾಲಿ ಡಬ್ಬ ಬಚ್ಚಲೊಲೆಯಲ್ಲಿ ಉರಿಯತೊಡಗಿದ ಮೇಲೆಯೇ ಅವನಿಗೆ ನಾಚಿಕೆಯಾದದ್ದು. “ಎಂಥಾ ಕೆಲ್ಸ ಮಾಡ್ಬಿಟ್ಟೆ” ಎಂದು ಹಣೆ ಹಿಡಿದುಕೊಂಡ. ಬೆರಳಿನ ತುಪ್ಪ ಹಣೆಗೂ ಹತ್ತಿತು.

ಮಧ್ಯಾಹ್ನ ಆದಿಲಕ್ಷ್ಮಮ್ಮ ಬಂದರು. “ಪಾರ್ಸೆಲ್ ತಲುಪಿದೆ ಅಂತ ನನ್ನ ತಮ್ಮನಿಗೆ ಮೆಸೇಜ್ ಬಂದಿದೆ ಕಣಪ್ಪ ಚಲಪತಿ. ನೀನೇನಾದ್ರೂ ನೋಡಿದ್ಯಾ?”

“ಮಲ್ಕೊಂಡಿದ್ದೆ ಅಮ್ಮ” ಎಂದ, ಅವರ ಚಪ್ಪಲಿ ನೋಡುತ್ತ.

ಸ್ವಲ್ಪ ಹೊತ್ತಿಗೆ ಬೀದಿಯೇ ಚಲಪತಿಯ ಜಗಲಿಯ ಮುಂದೆ ಸೇರಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಕೆಂಪರಾಜುವನ್ನು ತಡೆದು ನಿಲ್ಲಿಸಿದರು. ಎದುರು ಮನೆಯ ಮುನಿಶಾಮಪ್ಪ ವಿಚಾರಣೆ ಶುರು ಮಾಡಿದ.

“ಗೋಡೆ ಮೇಲೆ ಇಟ್ಟೆ ಅಂತೀಯ. ಗೋಡೆ ತಿಂತೇನೋ?”

“ಕೋತಿ ಇರ್ಬೋದು” ಎಂದ ಕೆಂಪರಾಜು ಮೆಲ್ಲಗೆ.

“ಕೋತಿ ಆಗಿದ್ರೆ ಡಬ್ಬ ಬಿಸಾಕಿ ಹೋಗೋದು” ಎಂದಳು ಹಾಲಿನ ಅಮ್ಮಾಜಮ್ಮ. “ಇದು ಪ್ಯಾಂಟು ಹಾಕ್ಕೊಂಡಿರೋ ಕೋತಿ ಕೆಲ್ಸ.”

ಪ್ಯಾಂಟು ಹಾಕಿಕೊಂಡಿದ್ದ ಚಲಪತಿ ಕಂಬದ ಹಿಂದಕ್ಕೆ ಸರಿದ. ಆದರೆ ಮುನಿಶಾಮಪ್ಪ ಅವನನ್ನೇ ಮುಂದಕ್ಕೆಳೆದು ಕೂರಿಸಿದ. “ಕೆಂಪರಾಜು ಮೇಲೆ ಪೋಸ್ಟಾಫೀಸಿಗೆ ಕಂಪ್ಲೇಂಟ್ ಕೊಡಣ. ನೀನು ಆಫೀಸಲ್ಲಿರೋನು, ನೀನೇ ಬರೀಬೇಕು. ‘ನಂಬಿಕೆಗೆ ದ್ರೋಹ ಬಗೆದು’ ಅಂತ ಹಾಕು.”

ಚಲಪತಿ ‘ದ್ರೋಹ’ ಎಂದು ಬರೆಯುತ್ತಿದ್ದಂತೆ ಜಾಯಿಕಾಯಿಯ ಘಮದೊಂದಿಗೆ ದೊಡ್ಡ ತೇಗೊಂದು ಬಂತು. ಬಾಯಿ ಮುಚ್ಚಿಕೊಂಡ.

“ಪಾಪ, ಹಸ್ಕೊಂಡು ಗ್ಯಾಸ್ ಆಗೈತೆ” ಎಂದಳು ಅಮ್ಮಾಜಮ್ಮ.

ಕೆಂಪರಾಜು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. “ಬರೀರಿ ಸಾರ್. ನಿಮ್ಮೇಲೆ ನಂಗೆ ಬೇಜಾರಿಲ್ಲ. ಬಿಸಿಲಲ್ಲಿ ಬಂದ್ರೆ ಈ ಬೀದೀಲಿ ನೀರು ಬೇಕೇನೋ ಅಂತ ಕೇಳೋರು ನೀವೊಬ್ರೇ.”

ಪೆನ್ನು ಮುಂದೆ ಹೋಗಲಿಲ್ಲ. ಚಲಪತಿ ತಲೆ ತಗ್ಗಿಸಿಯೇ ಹೇಳಿದ. “ಅವನಲ್ಲ. ನಾನೇ ತಿಂದಿದ್ದು.”

ಮುನಿಶಾಮಪ್ಪನ ಕಣ್ಣು ಒದ್ದೆಯಾಯಿತು. “ನೋಡ್ರಪ್ಪ, ಬಡವನ ಕೆಲ್ಸ ಉಳಿಸೋಕೆ ಕಳ್ಳತನಾನ ತನ್ನ ತಲೆ ಮೇಲೆ ಹಾಕ್ಕೊಂತಾನೆ.”

“ಇಲ್ಲ, ನಿಜ. ಡಬ್ಬಾನ ಒಲೆಗೆ ಹಾಕ್ದೆ.”

“ಸಾಕು ಸುಮ್ನಿರಪ್ಪ, ನಿಂಗೆ ಸುಳ್ಳು ಹೇಳೋಕೂ ಬರಲ್ಲ” ಎಂದರು ಆದಿಲಕ್ಷ್ಮಮ್ಮ. ಅಷ್ಟರಲ್ಲಿ ಸಂತೆಚೀಲ ಹಿಡಿದು ಬಂದ ರಾಧಮ್ಮನನ್ನು ಕಂಡು, “ನೀನೇ ಹೇಳಮ್ಮ, ನಿನ್ನ ಗಂಡ ಸಿಹಿ ತಿಂತಾನಾ?” ಎಂದು ಕೇಳಿದರು.

ರಾಧಮ್ಮ ಗಂಡನ ಹಣೆಯನ್ನು ನೋಡಿದಳು. ಅದು ಮಿರಿಮಿರಿ ಮಿಂಚುತ್ತಿತ್ತು. ಅವಳ ಮುಖ ಬಿಳುಪೇರಿತು. “ಇವ್ರಾ? ಮೂಸಿನೂ ನೋಡಲ್ಲ” ಎಂದಳು.

ಆದಿಲಕ್ಷ್ಮಮ್ಮ ಕಾಗದ ಹರಿದು ಹಾಕಿದರು. ಕೆಂಪರಾಜು ಬಗ್ಗಿ ಚಲಪತಿಯ ಕಾಲು ಮುಟ್ಟಿದ. ಆ ಕಾಲಿಗೆ ಓಡಿಹೋಗಬೇಕೆನಿಸಿತು.

ಒಳಗೆ ಬಂದು ರಾಧಮ್ಮ ಬಾಗಿಲು ಹಾಕಿದಳು. “ಏನಾದ್ರೂ ಉಳ್ಸಿದೀರಾ?”

ಅವನು ಬಚ್ಚಲ ಕಡೆ ನೋಡಿದ. ಅವಳು ಚೀಲ ಇಟ್ಟು ನೆಲದ ಮೇಲೆಯೇ ಕುಳಿತಳು.

“ಅದು ಅವ್ರದ್ದಲ್ಲ ರೀ, ನಂದು. ನಾಳೆ ಮಂಡಿಕಲ್ಲಲ್ಲಿ ನಮ್ಮಣ್ಣನ ಮಗಳು ಶಿರೀಷಾಗೆ ಸೀಮಂತ. ಕರದಂಟು ತಿನ್ಬೇಕು ಅಂತ ಆಸೆಪಟ್ಟಿದ್ಲು. ನಿಮ್ಮ ಕಣ್ಣಿಗೆ ಬೀಳ್ದಿರ್ಲಿ ಅಂತಾನೇ ಆದಿಲಕ್ಷ್ಮಮ್ಮನ ಹೆಸ್ರಿಗೆ ತರಿಸಿದ್ದೆ.”

ಅವಳು ಬೈದಿದ್ದರೆ ಸಹಿಸಬಹುದಿತ್ತು. ತನ್ನ ವಸ್ತು ತಿಂದವನ ಮಾನ ಉಳಿಸಲು ಬೀದಿಯಲ್ಲಿ ಸುಳ್ಳು ಹೇಳಿ ಬಂದಿದ್ದಳು. ಚಲಪತಿ ಗೋಡೆ ಕಡೆ ತಿರುಗಿ ಕುಳಿತ.

ಸಂಜೆ ಯಾರೋ ಬಾಗಿಲು ತಟ್ಟಿದರು. ಕೆಂಪರಾಜು, ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಅವನ ಹಿಂದೆ ಮುನಿಶಾಮಪ್ಪ.

“ಬೀದಿಯೋರೆಲ್ಲ ಮಾತಾಡ್ಕೊಂಡ್ವಿ” ಎಂದ ಮುನಿಶಾಮಪ್ಪ. “ಇನ್ಮೇಲೆ ಗೋಡೆ ಮೇಲೆ ಇಡೋದು ಬೇಡ. ಯಾರ ಮನೇಗೆ ಬೀಗ ಇದ್ರೂ ಪಾರ್ಸೆಲ್ ನಿನ್ನ ಕೈಗೇ ಕೊಡ್ಲಿ. ಅದ್ರಲ್ಲೂ ತಿಂಡಿ ಪಾರ್ಸೆಲ್ಲು.”

ಚಲಪತಿ ದಿಕ್ಕು ತೋಚದೆ ಹೆಂಡತಿಯ ಕಡೆ ತಿರುಗಿದ. ರಾಧಮ್ಮ ಸೊಂಟದಿಂದ ಬೀಗದ ಕೈ ತೆಗೆದು, ಬೀರುವಿನಲ್ಲಿ ಜಾಗ ಮಾಡಲು ಒಳಗೆ ಹೋದಳು.