ಪ್ರಿಂಟರ್ ಬಸ್ಸೇರಿದ ದಿನ

ನನಗೆ ಹೆಡ್‌ಮಾಸ್ತರರ ಅಂಜಿಕೆ ಇಲ್ಲ. ತಪಾಸಣೆಗೆ ಬರುವ ಸಾಹೇಬರ ಅಂಜಿಕೆಯೂ ಇಷ್ಟು ವರ್ಷದ ನೌಕರಿಯಲ್ಲಿ ಸವೆದುಹೋಗಿದೆ. ಈಗ ನಾನು ಅಂಜುವುದು ನನ್ನ ಮೇಜಿನ ಪಕ್ಕದಲ್ಲಿ ಕೂತಿರುವ ಪ್ರಿಂಟರಿಗೆ. ನವಲಗುಂದದ ಕಡೆಯ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ನಾನು ಕ್ಲಾರ್ಕು. ಮುಂಜಾನೆ ಆಫೀಸಿನ ಬಾಗಿಲು ತೆಗೆದವಳೇ ಮೊದಲು ಅದರ ಮುಖ ನೋಡುತ್ತೇನೆ. ಹಸಿರು ದೀಪವಿದ್ದರೆ ಚಹಾ ರುಚಿಸುತ್ತದೆ. ಕೆಂಪು ದೀಪ ಮಿಣುಕಿದರೆ ಆ ದಿನ ಯಾರೊಂದಿಗೂ ಹೆಚ್ಚು ಮಾತಾಡುವುದಿಲ್ಲ. ಯಾರಿಗೂ ಬೇಡವಾದ ಸುತ್ತೋಲೆಯನ್ನು ಅದು ಕೇಳಿದ್ದಕ್ಕಿಂತ ಹೆಚ್ಚೇ ಪ್ರತಿ ತೆಗೆದು ಕೊಡುತ್ತದೆ. ಎದುರಿಗೆ ಯಾರಾದರೂ ಗಡಿಯಾರ ನೋಡುತ್ತ ನಿಂತರೆ ಮಾತ್ರ ಅದಕ್ಕೆ ಕೆಮ್ಮು ಶುರುವಾಗುತ್ತದೆ.

ಇದರ ಔಷಧೋಪಚಾರದಲ್ಲಿ ನಮ್ಮ ಶಾಲೆಯ ಎಲ್ಲರೂ ಪರಿಣತರು. ಹೆಡ್‌ಮಾಸ್ತರರು ದೂರದಿಂದಲೇ "ಬಂದ್ ಮಾಡಿ ಚಾಲೂ ಮಾಡ್ರಿ" ಎನ್ನುತ್ತಾರೆ. ವಿಜ್ಞಾನದ ಮಾಸ್ತರರು ಒಳಗೆ ಉಫ್ ಎಂದು ಊದುತ್ತಾರೆ. ಒಳಗಿನ ಕರಿಪುಡಿ ಅವರ ಮೀಸೆಗೆ ಬರುತ್ತದೆ, ಕಾಗದಕ್ಕೆ ಬರುವುದಿಲ್ಲ. ಪಿ.ಟಿ. ಮಾಸ್ತರರ ಚಿಕಿತ್ಸೆಯನ್ನು ಹೇಳಬೇಕಾಗಿಲ್ಲ, ಅದರ ಗುರುತು ಪ್ರಿಂಟರಿನ ಬೆನ್ನ ಮೇಲಿದೆ.

ಈ ವರ್ಷ ಶಾಲೆ ಶುರುವಾದ ಹೊಸತರಲ್ಲಿ ಒಂದು ಮಧ್ಯಾಹ್ನ ಮಾಬೂಬಿ ಎಂಬ ಹೆಣ್ಣುಮಗಳು ತನ್ನ ಮಗಳು ಶಬಾನಾಳನ್ನು ಕರೆದುಕೊಂಡು ಬಂದಳು. ಮಾಬೂಬಿ ನಮ್ಮೂರಲ್ಲೇ ಬಟ್ಟೆ ಹೊಲಿಯುವವಳು. ಶಬಾನಾ ಹತ್ತನೆಯ ತರಗತಿ ಪಾಸಾಗಿ ಹುಬ್ಬಳ್ಳಿಯಲ್ಲಿ ಡಿಪ್ಲೊಮಾಕ್ಕೆ ಸೀಟು ಪಡೆದಿದ್ದಳು.

"ಅಕ್ಕಾರ, ಟಿ.ಸಿ. ಬೇಕಾಗೇತ್ರಿ. ಇವತ್ತ ಕಡೀ ದಿನ ಅಂತ. ಸಂಜೀ ಒಳಗ ಕೊಡಲಿಲ್ಲಂದ್ರ ಸೀಟ್ ಹೋಕ್ಕೈತ್ರಿ," ಎಂದಳು ಮಾಬೂಬಿ.

"ಎರಡ ನಿಮಿಷದ ಕೆಲಸ, ಕೂಡ್ರವಾ," ಎಂದೆ. ಹಾಗನ್ನಬಾರದಿತ್ತು. ಪ್ರಿಂಟರಿಗೆ ಕೇಳಿಸಿತು.

ಮೊದಲ ಹಾಳೆಯಲ್ಲಿ ಹುಡುಗಿಯ ಹೆಸರಿದ್ದ ಜಾಗಕ್ಕೆ ಕರಿ ಪಟ್ಟೆ ಬಂತು. ಎರಡನೆಯದರಲ್ಲಿ ಟಿ.ಸಿ.ಯೇ ಇರಲಿಲ್ಲ, ಯಾವಾಗಲೋ ಕಳಿಸಿ ನಾನೇ ಮರೆತಿದ್ದ ಮೊಟ್ಟೆ ವಿತರಣೆಯ ವರದಿ ಹೊರಬಂತು. ಮೂರನೆಯ ಹಾಳೆ ಒಳಗೇ ಸಿಕ್ಕಿ ಕಟಕಟ ಎಂದು ನಿಂತುಬಿಟ್ಟಿತು. ಮಾಬೂಬಿ ಬಗ್ಗಿ ನೋಡಿ, "ಎಣ್ಣಿ ಬಿಟ್ಟೀರೇನ್ರಿ?" ಎಂದು ಕೇಳಿದಳು. ಶಬಾನಾ ಓಡಣಿಯ ತುದಿ ತಿರುಚುತ್ತ ನಿಂತಿದ್ದಳು. ಸುಮ್ಮನಿರಲಾರದೆ, "ಡಿಪ್ಲೊಮಾ ಯಾವುದರಾಗ?" ಎಂದೆ.

"ಕಂಪ್ಯೂಟರ್ರಿ," ಎಂದಳು.

ನನಗೆ ಆ ಮಗುವಿನ ಮುಂದಿನ ಬಾಳನ್ನು ನೆನೆದು ಮರುಕವಾಯಿತು.

ಕೈಯಿಂದ ಬರೆದುಕೊಟ್ಟರೆ ಕಾಲೇಜಿನವರು ಒಪ್ಪುವುದಿಲ್ಲ. ಹೆಡ್‌ಮಾಸ್ತರರು ಎದ್ದು ನಿಂತರು. "ನವಲಗುಂದಕ್ಕ ಹೋಗೂಣು ನಡೀರಿ. ಅಲ್ಲೇ ಪ್ರಿಂಟ್ ತಗದು, ಅಲ್ಲೇ ಸಹಿ, ಅಲ್ಲೇ ಶಿಕ್ಕಾ. ಹೆಂಗೂ ಹೊಂಟೀವಿ, ಈ ಪ್ರಿಂಟರನ್ನೂ ರಿಪೇರಿಗೆ ತಗೋರಿ."

ಹೀಗೆ ನಮ್ಮ ಇಡೀ ಆಫೀಸು ಬಸ್ಸೇರಿತು. ಪ್ರಿಂಟರ್ ನನ್ನ ತೊಡೆಯ ಮೇಲಿತ್ತು. ಕಿಟಕಿಯ ಧೂಳು ತಾಕದಿರಲೆಂದು ಮಾಬೂಬಿ ಅದರ ಮೇಲೆ ತನ್ನ ಸೆರಗು ಹೊದಿಸಿದಳು. ಕಂಡಕ್ಟರ್ ಬಂದು, "ಇದಕ್ಕ ಲಗೇಜ್ ಟಿಕೆಟ್ ತಗೀಬೇಕ್ರಿ," ಎಂದ.

"ನಾವು ಹೆಣ್ಮಕ್ಕಳು ಫ್ರೀ ಅದೀವಲ್ಲೋ ತಮ್ಮಾ, ಇದೂ ನಮ್ಮ ಜೋಡೀನ ಐತಿ," ಎಂದಳು ಮಾಬೂಬಿ.

"ಇದು ಹೆಣ್ಮಗಳು ಅನ್ನೂದಕ್ಕ ಆಧಾರ್ ಐತೇನ್ರಿ?" ಎಂದು ಕೇಳಿ ಅವನು ಟಿಕೆಟ್ ಹರಿದ. ಅಷ್ಟು ಹೊತ್ತಿನಲ್ಲಿ ಶಬಾನಾ ನಕ್ಕಿದ್ದು ಅದೇ ಮೊದಲು.

ನವಲಗುಂದದ ಝೆರಾಕ್ಸ್ ಅಂಗಡಿಯವನು "ಪೆನ್‌ಡ್ರೈವ್ ಕೊಡ್ರಿ" ಎಂದು ಕೈ ಚಾಚಿದಾಗ ನಾನು ಚೀಲವನ್ನೆಲ್ಲ ತಡಕಾಡಿದೆ. ಪ್ರಿಂಟರನ್ನು ಕೂಸಿನಂತೆ ಎತ್ತಿಕೊಂಡು ಬರುವ ಗಡಿಬಿಡಿಯಲ್ಲಿ ಪೆನ್‌ಡ್ರೈವನ್ನು ಆಫೀಸಿನಲ್ಲೇ ಬಿಟ್ಟಿದ್ದೆ. ಹೆಡ್‌ಮಾಸ್ತರರು ನನ್ನನ್ನು ಬೈಯಲಿಲ್ಲ, ಆಕಾಶ ನೋಡಿದರು. ಮಾಬೂಬಿ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕುಳಿತಳು. ನಾನು ಪಿ.ಟಿ. ಮಾಸ್ತರರಿಗೆ ಫೋನ್ ಹಚ್ಚಿ, "ಸರ್, ಕಂಪ್ಯೂಟರಿನ್ಯಾಗ ಆ ಟಿ.ಸಿ. ತಗದಿಟ್ಟೀನಿ. ನಿಮ್ಮ ಕಾಲ ಬೀಳ್ತೀನಿ, ಯಾವುದನ್ನೂ ಬಡೀಬ್ಯಾಡ್ರಿ, ಬರೇ ಕಳಸ್ರಿ," ಎಂದೆ. ಪುಣ್ಯಾತ್ಮರು ಮೊದಲು ಮೊಟ್ಟೆಯ ವರದಿಯನ್ನೇ ಕಳಿಸಿದರು. ಆಮೇಲೆ ಟಿ.ಸಿ.ಯೂ ಬಂತು.

ಅಂಗಡಿಯ ಕಟ್ಟೆಯ ಮೇಲೆಯೇ ಸಹಿಯಾಯಿತು, ಶಿಕ್ಕೆ ಬಿತ್ತು. ತಾಯಿ ಮಗಳು ಹುಬ್ಬಳ್ಳಿ ಬಸ್ಸಿನ ಹಿಂದೆ ಓಡಿದರು. ಬಸ್ಸು ನಿಂತಿತು, ಹತ್ತಿಸಿಕೊಂಡಿತು. ಸಂಜೆ ನಾವಿಬ್ಬರೂ ಪ್ರಿಂಟರ್ ರಿಪೇರಿಯ ಅಂಗಡಿಯಲ್ಲಿ ಕೂತಿದ್ದಾಗ ಫೋನ್ ಬಂತು. "ಅಕ್ಕಾರ, ಸೀಟ್ ಸಿಕ್ತರಿ!" ಎಂದು ಶಬಾನಾ ಕೂಗಿದ್ದು ಹೆಡ್‌ಮಾಸ್ತರರಿಗೂ ಕೇಳಿಸಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಯಿತು. ಕರಿಪುಡಿ ಹೋಗಿರಬೇಕು ಎಂದುಕೊಂಡೆ.

ಅಷ್ಟರಲ್ಲಿ ರಿಪೇರಿಯವನು ಸಿಕ್ಕಿದ್ದ ಹಾಳೆಯನ್ನು ಕಿತ್ತು, "ಸದ್ಯಕ್ಕ ನಡೀತೈತ್ರಿ, ಮುಂದಿಂದು ಹೇಳಾಕ ಬರೂದಿಲ್ಲ," ಎಂದು ಪ್ರಿಂಟರನ್ನು ತಿರುಗಿ ಕೊಟ್ಟಿದ್ದ. ಮರಳುವ ಬಸ್ಸು ತುಂಬಿ ತುಳುಕುತ್ತಿತ್ತು. ಹೇಗೋ ಎರಡೇ ಸೀಟು ಸಿಕ್ಕವು. ಒಂದರಲ್ಲಿ ಹೆಡ್‌ಮಾಸ್ತರರು ಕುಳಿತು ಇನ್ನೊಂದರ ಮೇಲೆ ಪ್ರಿಂಟರನ್ನು ಇಟ್ಟರು. "ನೀವು ನಿಂತ್ರ ನಡೀತೈತ್ರಿ. ಅದಕ್ಕ ಧಕ್ಕಾ ಹತ್ತಬಾರ್ದು," ಎಂದರು. ದಾರಿಯಲ್ಲಿ ಹತ್ತಿದ ಒಬ್ಬ ಅಜ್ಜಿ ಪ್ರಿಂಟರಿನ ಕಡೆ ಬೆರಳು ಮಾಡಿ, "ಇಲ್ಲಿ ಯಾರ್ ಕುಂತಾರ್ರಿ?" ಎಂದು ಕೇಳಿದಳು.

"ನಮ್ಮ ಆಫೀಸಿನವರ ಅದಾರ್ರಿ," ಎಂದರು ಹೆಡ್‌ಮಾಸ್ತರರು.

ನನ್ನನ್ನು ಅವರು ಯಾರಿಗೂ ಅಷ್ಟು ಮರ್ಯಾದೆಯಿಂದ ಪರಿಚಯಿಸಿದ್ದು ನೆನಪಿಲ್ಲ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಮೇಲಿನ ಕಂಬಿ ಹಿಡಿದಿದ್ದ ಎರಡೂ ಕೈ ಬಿಟ್ಟು ನಾನು ಪ್ರಿಂಟರನ್ನು ತಬ್ಬಿಕೊಂಡೆ.