ನೂಲುಂಡೆಯ ಕವಚ

ಕತ್ತರಿ ಹಿಡಿಯುವ ಮುನ್ನ ಕಣ್ಣುಮುಚ್ಚಿ ದೇವರೊಡನೆ ಎರಡು ಮಾತಾಡುವುದನ್ನು ಟೇಲರಮ್ಮ ಒಂದು ದಿನವೂ ತಪ್ಪಿಸಿದವರಲ್ಲ. ಅವರ ಮಾತಿಗೆ ಕಿವಿಗೊಡಲು ಬೇರೆ ಯಾರಿದ್ದರು? ಗಿರಾಕಿಗಳು ಬಾಗಿಲಲ್ಲೇ ಬಟ್ಟೆ ಕೊಟ್ಟು, "ಆಮೇಲೆ ಬರ್ತೀನಮ್ಮ" ಎಂದು ಮಾಯವಾಗುತ್ತಿದ್ದರು. ಮೆಷಿನ್ ನಿಂತರೆ ಮನೆಯೇ ಮೂಕವಾಗುತ್ತಿತ್ತು. ಅದನ್ನು ತಾಳಲಾರದೆ ಒಂದು ನಾಯಿಮರಿ ತಂದು, ನೂಲುಂಡೆ ಎಂದು ಹೆಸರಿಟ್ಟರು.

ಮೊದಲ ಲಸಿಕೆ ಹಾಕಿದಾಗ ಡಾಕ್ಟರು ಎಚ್ಚರಿಸಿದ್ದರು: "ಲಸಿಕೆ ಎಲ್ಲಾ ಮುಗಿಯೋವರೆಗೂ ಬೇರೆ ನಾಯಿಗಳ ಹತ್ರ ಬಿಡಬೇಡಿ. ಈ ವಯಸ್ಸಲ್ಲಿ ರೋಗ ತಗುಲಿದ್ರೆ ಉಳಿಯೋದು ಕಷ್ಟ."

ಟೇಲರಮ್ಮ ಮರಿಯನ್ನು ಎದೆಗವಚಿಕೊಂಡರು. ಇರುವುದೊಂದು ಜೀವ! "ನನ್ನ ಹೊಲಿಗೆ ದಾಟಿ ರೋಗದ ಅಪ್ಪನೂ ಒಳಗೆ ಬರಲ್ಲ!" ಎಂದು ಪಣ ತೊಟ್ಟರು.

ಎರಡನೆಯ ಲಸಿಕೆಯ ಬೆಳಿಗ್ಗೆ ಕತ್ತಿನಿಂದ ಬಾಲದವರೆಗೆ ದಪ್ಪ ಜೀನ್ಸ್ ಬಟ್ಟೆಯ ಕವಚ ಸಿದ್ಧವಾಯಿತು. ಗುಂಡಿಯ ಸಂದಿಯಲ್ಲಿ ರೋಗ ನುಸುಳೀತೆಂದು ಮರಿಯ ಮೈಮೇಲೆಯೇ ಕೈಯಲ್ಲಿ ಜೋಡಿ ಹೊಲಿಗೆ ಹಾಕಿ ಮುಗಿಸಿದರು. ಕೋಟೆ ಭದ್ರ!

ಆಸ್ಪತ್ರೆಯಲ್ಲಿ ಡಾಕ್ಟರು ಸಿರಿಂಜ್ ಹಿಡಿದು ಮರಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಚುಚ್ಚೋದು ಎಲ್ಲಿಗಮ್ಮಾ?"

ಟೇಲರಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ಡಾಕ್ಟ್ರೇ, ಬಿಚ್ಚೋದನ್ನ ಯೋಚನೆನೇ ಮಾಡ್ಲಿಲ್ಲ!"

ಡಾಕ್ಟರು ಕತ್ತರಿ ಎತ್ತಿದ್ದೇ ತಡ, ನೂಲುಂಡೆ ಜಾರಿಕೊಂಡು ಹೊರಗಿನ ಬೆಂಚುಗಳತ್ತ ಓಟ ಕಿತ್ತಿತು. ಬೆಕ್ಕಿನ ಬುಟ್ಟಿ ಉರುಳಿತು. ಬೆಕ್ಕು ಹಾರಿ, ಪಕ್ಕದಲ್ಲಿ ನಾಯಿಯೊಡನೆ ಕಾಯುತ್ತಿದ್ದ ಬಡಗಿಯೊಬ್ಬನ ತಲೆಯೇರಿತು. ಬಡಗಿಯ ದೈತ್ಯ ನಾಯಿ ಬೊಗಳುತ್ತ ಎದ್ದು ನಿಂತಿತು.

"ಹಿಡೀರಪ್ಪಾ! ಆ ನಾಯಿ ಹತ್ರ ಹೋಗೋಕೆ ಬಿಡಬೇಡಿ!" ಟೇಲರಮ್ಮನ ಕಣ್ಣಲ್ಲಿ ನೀರು.

ಬಡಗಿ ತಲೆಯ ಮೇಲೆ ಬೆಕ್ಕನ್ನು ಹೊತ್ತೇ ಬಾಗಿ, ಮರಿಯನ್ನು ಗಬಕ್ಕನೆ ಎತ್ತಿಕೊಂಡ. "ಅಳಬೇಡಿ ಅಕ್ಕಾ, ಇಲ್ಲೇ ಇದೆ ನಿಮ್ಮ ಸಿಪಾಯಿ! ಇದೇನು, ಯುದ್ಧಕ್ಕೆ ಹೊರಟಿತ್ತಾ?"

ಬೆಕ್ಕಿನೊಡತಿ ಟೀಚರು ಬಿದ್ದು ಬಿದ್ದು ನಕ್ಕರು. "ನಮ್ಮ ಬೆಕ್ಕಿಗೂ ಒಂದು ಹೊಲಿದುಕೊಡ್ರೀ, ಇಂಜೆಕ್ಷನ್ ತಪ್ಪಿಸಿಕೊಳ್ಳುತ್ತೆ!"

ಕವಚ ಬಿಚ್ಚುವಷ್ಟರಲ್ಲಿ ಡಾಕ್ಟರ ಎರಡು ಕತ್ತರಿ ಮೊಂಡಾದವು. ಲಸಿಕೆ ಬಿದ್ದ ಮೇಲೂ ಟೇಲರಮ್ಮ ಹೊರಡಲಿಲ್ಲ. ಮರಿ ಮಡಿಲಲ್ಲಿ, ಟೀಚರು ಒಂದು ಮಗ್ಗುಲಲ್ಲಿ, ಬಡಗಿ ತನ್ನ ನಾಯಿಯನ್ನು ದೂರ ಕಟ್ಟಿಹಾಕಿ ಇನ್ನೊಂದು ಮಗ್ಗುಲಲ್ಲಿ. ಮಾತೇ ಮಾತು!

ಅವರು ಪಟ್ಟ ಪಾಡು ನೆನೆದು ಡಾಕ್ಟರಿಗೆ ಅಯ್ಯೋ ಎನಿಸಿತು. "ನಿಮಗೆ ಈ ಓಡಾಟ ಬೇಡಮ್ಮ. ಮುಂದಿನ ಲಸಿಕೆ ನಾನೇ ಮನೆಗೆ ಬಂದು ಹಾಕ್ತೀನಿ."

"ಬೇಡ ಡಾಕ್ಟ್ರೇ, ಬೇಡ!" ಟೇಲರಮ್ಮ ಗಾಬರಿಯಾದರು. "ನೂಲುಂಡೆ ಮನೇಲಿ ಒಬ್ಬಂಟಿ, ಅದಕ್ಕೆ ತುಂಬಾ ಬೇಜಾರು. ನಾವೇ ಬರ್ತೀವಿ. ಸ್ವಲ್ಪ ಬೇಗಾನೇ ಬರ್ತೀವಿ."