ದೇವರಾಯಸಮುದ್ರದಲ್ಲಿ ನಿಂತ ಲಾರಿ

ಗೊತ್ತಿಲ್ಲದ್ದನ್ನು ಗೊತ್ತಿರುವವನಂತೆ ಹೇಳುವುದರಲ್ಲಿ ನಾನು ಪಳಗಿದವನು. ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಹದಿನೆಂಟು ವರ್ಷ ನನ್ನ ಕೆಲಸವೇ ಅದಾಗಿತ್ತು. ಚೆನ್ನೈ ವ್ಯಾಪಾರಿ ಫೋನ್ ಮಾಡಿ ಲಾರಿ ಎಲ್ಲಿದೆ ಎಂದರೆ, ಈಗತಾನೇ ಮುಳಬಾಗಿಲು ದಾಟಿತು ಎನ್ನುತ್ತಿದ್ದೆ. ಒಮ್ಮೊಮ್ಮೆ ಆ ಲಾರಿ ನನ್ನ ಕಿಟಕಿಯ ಎದುರಿಗೇ ನಿಂತಿರುತ್ತಿತ್ತು. ಕಡೆಗೆ ನಮ್ಮ ಯಜಮಾನರು ಮಾಲಿನ ಜಾಡು ಹಿಡಿಯುವ ಕೆಲಸವನ್ನೆಲ್ಲ ಬೆಂಗಳೂರಿನ ಕಂಪನಿಯೊಂದಕ್ಕೆ ಹೊರಗುತ್ತಿಗೆ ಕೊಟ್ಟುಬಿಟ್ಟರು. ಮಂಡಿಯ ಗಾಡಿಗಳಿಗೆಲ್ಲ ಜಿಪಿಎಸ್ ಬಂತು. ಲಾರಿಗಳು ಕಂಪ್ಯೂಟರಿನಲ್ಲಿ ಹಸಿರು ಚುಕ್ಕಿಗಳಾದವು, ನಿಂತರೆ ಕೆಂಪು. ಕೆಂಪಾದದ್ದೇಕೆ ಎಂದು ಕಂಪನಿಯಿಂದ ಫೋನ್ ಮಾಡುವ ಸೌಮ್ಯ ಎಂಬ ಹುಡುಗಿಗೆ ಉತ್ತರ ಹೇಳುವುದಷ್ಟೇ ನನಗೆ ಉಳಿಯಿತು.

ಡ್ರೈವರ್ ನಾಗರಾಜುವಿನ ಲಾರಿ ಮಂಗಳವಾರ, ಶುಕ್ರವಾರ ತಪ್ಪದೆ ದೇವರಾಯಸಮುದ್ರದಲ್ಲಿ ನಲವತ್ತು ನಿಮಿಷ ಕೆಂಪಾಗುತ್ತಿದೆ ಎಂದು ಅವಳು ತಿಳಿಸಿದಳು. ಕೇಳಿದರೆ ಅವನು ಬಾಯಿ ಬಿಡಲಿಲ್ಲ. ಹೋಗಿ ನೋಡಿ, ಕದ್ದು ಮಾಲು ಇಳಿಸುತ್ತಿದ್ದರೆ ಇವತ್ತೇ ಕೆಲಸ ಬಿಡಿಸಿಬಿಡಿ ಎಂದರು ಯಜಮಾನರು. ಮಂಡಿಯ ವ್ಯಾನ್ ತೆಗೆದುಕೊಂಡು, ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತಾ ಹೊರಟೆ.

ಲಾರಿ ಕೆರೆಯ ಪಕ್ಕ ನಿಂತಿತ್ತು. ಏರಿಯ ಮೇಲೆ ನಾಗರಾಜು ವಯಸ್ಸಾದ ಹೆಂಗಸೊಬ್ಬರ ಕೈಹಿಡಿದು ಒಂದೊಂದೇ ಹೆಜ್ಜೆ ಹಾಕಿಸುತ್ತಿದ್ದ. ಆಕೆ ಅವನನ್ನು ಸಾಕಿದ ಅಕ್ಕ. ಲಕ್ವ ಹೊಡೆದ ಮೇಲೆ ಡಾಕ್ಟರು ನಡೆಯಲು ಹೇಳಿದ್ದರು. ಬೇರೆ ಯಾರು ಹಿಡಿದರೂ ಬೀಳುವ ಭಯ. ನನ್ನನ್ನು ನೋಡಿ ನಾಗರಾಜುವಿನ ಮುಖ ಇಳಿಯಿತು, ಕೈ ಮಾತ್ರ ಬಿಡಲಿಲ್ಲ.

"ಊಟದ ಟೈಮಲ್ಲೇ ಇಳೀತೀನಿ ಸಾರ್," ಎಂದ ಮೆಲ್ಲಗೆ. "ಊಟ ಗಾಡಿ ಓಡಿಸ್ತಾನೇ ಆಗೋಗ್ತದೆ."

ಯಾರೆಂದು ಅಕ್ಕ ಕೇಳಿದರು. ಮ್ಯಾನೇಜರ್ ಎಂದ. ಆಕೆ ಸೋತ ಕೈಯನ್ನು ನನ್ನ ಕಡೆ ಚಾಚಿ, ಬಾರಪ್ಪ ಎಂದು ತೆಲುಗು ಬೆರೆಸಿ ಕರೆದರು.

"ರಾ ನಾಯನಾ, ಈ ಕಡೆ ನೀನು ಹಿಡ್ಕೊ. ಇವ್ನು ಒಂದೇ ಕಡೆ ಎಳೀತಾನೆ."

ಜೋಡಿಸಿಕೊಂಡಿದ್ದ ಬೈಗುಳ ಎಲ್ಲಿ ಹೋಯಿತೋ. ನನ್ನ ತೋಳಿನ ಮೇಲೆ ಆಕೆಯ ಭಾರ ಬಿದ್ದಾಗ, ಎಡವಬಾರದೆಂಬ ಚಿಂತೆಯೊಂದೇ ಉಳಿಯಿತು. ಹೊತ್ತಾಯಿತೆಂದು ನಾಗರಾಜುವನ್ನು ಕಳಿಸಿದೆ. ಅಕ್ಕನಿಗೆ ಅವತ್ತೇಕೋ ಹುರುಪು. ತೂಬಿನವರೆಗೂ ಹೋಗಿ ಬರೋಣ ಎಂದರು. ಹೋಗಿ ಬಂದೆವು.

ಯಜಮಾನರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು, ಅದನ್ನು ಊಟದ ನಿಲ್ದಾಣವೆಂದು ಸೇರಿಸಲು ಕಂಪನಿಗೆ ಹೇಳಿಬಿಡಿ, ಆದರೆ ಅವನು ಕೂತು ಉಣ್ಣಲಿ, ಇನ್ನೂ ಇಪ್ಪತ್ತು ನಿಮಿಷ ಜಾಸ್ತಿ ಹಾಕಿಸಿ ಎಂದರು. ಸೌಮ್ಯ ಹಾಗೆಯೇ ಸೇರಿಸಿದಳು. ಫೋನ್ ಮಾತ್ರ ಇಡಲಿಲ್ಲ.

"ಸರ್, ನಿಮ್ಮ ವ್ಯಾನೂ ಅಲ್ಲೇ ಒಂದೂವರೆ ಗಂಟೆ ನಿಂತಿತ್ತು. ಕಾರಣ ಏನಂತ ಹಾಕ್ಲಿ?"

ಪಂಕ್ಚರ್ ಎಂದು ಹಾಕಮ್ಮ ಎಂದೆ. ಬರುವ ಮಂಗಳವಾರವೂ ಅದೇ ಜಾಗದಲ್ಲಿ ಪಂಕ್ಚರ್ ಆಗಲಿದೆ ಎಂಬುದನ್ನು ಮಾತ್ರ ಹೇಳಲಿಲ್ಲ.